ಕಾರಿನ ಆಕ್ಸೆಸರಿ ಎಲ್ಲದಕ್ಕೂ 8708 ಹಾಕಿದರೆ ನಡೆಯುತ್ತಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಒಂದೇ ಶಿಪ್‌ಮೆಂಟ್‌ನಲ್ಲಿ ಮ್ಯಾಟ್, ವೈಪರ್, ಚಾರ್ಜರ್, ಡ್ಯಾಶ್‌ಕ್ಯಾಮ್, ಏರ್ ಫ್ರೆಶ್ನರ್, ಕೀಚೈನ್ ಎಲ್ಲ ಬರುತ್ತಿದೆ, ಸಪ್ಲೈಯರ್ ಇನ್‌ವಾಯ್ಸ್‌ನಲ್ಲಿ ಎಲ್ಲದರ ಮುಂದೆಯೂ 8708 ಅಂತ ಕಸ್ಟಮ್ಸ್ ಕೋಡ್ (ಸುಂಕ ಹಾಕಲು ವಸ್ತುಗಳನ್ನು ಗುಂಪು ಮಾಡುವ ಸಂಖ್ಯೆ) ಬರೆದಿದ್ದಾನೆ, ಅದನ್ನೇ ಕಸ್ಟಮ್ಸ್‌ಗೆ ಕೊಡಬಹುದಾ ಅಂತ.

ಕೊಡಬೇಡಿ. ನಾನು ಕೆಲವು ವರ್ಷ ಆಮದಿನ ಕಾಗದಪತ್ರದ ಕೆಲಸ ಮಾಡಿದವನು. ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೆ. ರಬ್ಬರ್ ಮ್ಯಾಟ್, ಹಾರ್ನ್, ಸ್ಕ್ರೂ ಪ್ಯಾಕೆಟ್ ಎಲ್ಲವನ್ನೂ 'ಕಾರಿನ ಬಿಡಿಭಾಗ' ಅಂತ ಒಂದೇ ಸಾಲಿನಲ್ಲಿ ಬರೆದು ಕೊಟ್ಟೆ. ಪೆಟ್ಟಿಗೆ ಬಿಚ್ಚಿಸಿದರು. ಮೂರು ವಸ್ತು, ಮೂರೂ ತಪ್ಪು. ಸರಕು ಗೋದಾಮಿನಲ್ಲಿ ಕೂತಿತು, ಬಾಡಿಗೆ ದಿನದಿನಕ್ಕೂ ಏರಿತು, ಬೈಗುಳ ಬೇರೆ.

ತಪ್ಪು ಯಾಕೆ ಆಗುತ್ತದೆ ಅಂದರೆ, ನಾವು 'ಇದು ಎಲ್ಲಿಗೆ ಹಾಕುವ ವಸ್ತು' ಅಂತ ಯೋಚಿಸುತ್ತೇವೆ. ಟ್ಯಾರಿಫ್, ಅಂದರೆ ಈ ಕೋಡ್‌ಗಳ ಮತ್ತು ಸುಂಕದ ಪಟ್ಟಿ, ಮೊದಲು ಕೇಳುವುದು 'ಇದು ಏನು' ಅಂತ. 8708 ಮೋಟಾರು ವಾಹನದ ಬಿಡಿಭಾಗ ಮತ್ತು ಆಕ್ಸೆಸರಿಗಳ ಹೆಡಿಂಗ್ (ನಾಲ್ಕು ಅಂಕಿಯ ಗುಂಪು) ಹೌದು. ಬಂಪರ್, ಬ್ರೇಕ್, ಗೇರ್ ಬಾಕ್ಸ್, ಸ್ಟೀರಿಂಗ್ ವೀಲ್, ಸೀಟ್ ಬೆಲ್ಟ್ ಎಲ್ಲ ಅಲ್ಲೇ. ಆದರೆ ಅದರ ಒಳಗೆ ಹೋಗಲು ಮೂರು ಬಾಗಿಲು ದಾಟಬೇಕು. ಒಂದು, ಟ್ಯಾರಿಫ್‌ನಲ್ಲಿ ವಾಹನಗಳ ವಿಭಾಗವಾದ ಸೆಕ್ಷನ್ 17ರ ನೋಟ್ 2 ಅದನ್ನು ಹೊರಗೆ ಇಟ್ಟಿರಬಾರದು. ಎರಡು, ಅದು ಬರೀ ವಾಹನಕ್ಕೆ, ಇಲ್ಲವೇ ಮುಖ್ಯವಾಗಿ ವಾಹನಕ್ಕೇ ಹೊಂದುವ ವಸ್ತುವಾಗಿರಬೇಕು. ಮೂರು, ಬೇರೆ ಕಡೆ ಅದಕ್ಕೆ ಇನ್ನೂ ನಿಖರವಾದ ಜಾಗ ಇರಬಾರದು.

ನಿಮ್ಮ ಪಟ್ಟಿಯ ಬಹುಪಾಲು ಮೊದಲ ಬಾಗಿಲಲ್ಲೇ ವಾಪಸ್ ಬರುತ್ತದೆ. ಆ ನೋಟ್ 2 ಅನ್ನು ದಯವಿಟ್ಟು ಒಮ್ಮೆ ಓದಿ, ಅರ್ಧ ಪುಟವೂ ಇಲ್ಲ. ವಲ್ಕನೈಸ್ ಮಾಡಿದ (ಗಂಧಕ ಬೆರೆಸಿ ಕಾಯಿಸಿ ಹದಮಾಡಿದ) ಮೆತ್ತಗಿನ ರಬ್ಬರಿನ ವಸ್ತು ಹೊರಗೆ. ಸ್ಕ್ರೂ, ಬೋಲ್ಟ್, ಸ್ಪ್ರಿಂಗ್ ಥರದ್ದು ಹೊರಗೆ. ಅಧ್ಯಾಯ 85ರ (ಕೋಡ್‌ನ ಮೊದಲೆರಡು ಅಂಕಿಯೇ ಅಧ್ಯಾಯ) ಎಲೆಕ್ಟ್ರಿಕಲ್ ಸಾಮಾನು ಹೊರಗೆ. ಅಧ್ಯಾಯ 82ರ ಟೂಲ್‌ಗಳು, ಅಧ್ಯಾಯ 90ರ ಅಳೆಯುವ ಉಪಕರಣಗಳು, ಗಡಿಯಾರ, ಇವೂ ಹೊರಗೆ. ಹಾಗಾಗಿ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಫೋನ್ ಚಾರ್ಜರ್ ಕಾರಿನಲ್ಲಿ ಬಿಟ್ಟು ಬೇರೆಲ್ಲೂ ಕೆಲಸಕ್ಕೆ ಬರದಿದ್ದರೂ ಅದು 8504.40, ಸ್ಟ್ಯಾಟಿಕ್ ಕನ್ವರ್ಟರ್ (ವಿದ್ಯುತ್ತಿನ ರೂಪ ಬದಲಿಸುವ ಸಾಧನ). ಡ್ಯಾಶ್‌ಕ್ಯಾಮ್ 8525, ಕ್ಯಾಮೆರಾ. ಹಾರ್ನ್ 8512.30.

ವೈಪರ್ ನನಗೆ ಇಷ್ಟವಾದ ಉದಾಹರಣೆ. ಮೋಟಾರ್ ಇರುವ ವೈಪರ್ 8512.40. ಬ್ಲೇಡ್ ಮಾತ್ರ ತಂದರೆ ಅದು ಅದರ ಭಾಗ, 8512.90. ಬ್ಲೇಡಿಗೆ ತುರುಕುವ ರಬ್ಬರ್ ಪಟ್ಟಿ ಮಾತ್ರ ತಂದರೆ 4016. ಗಾಜು ಒರೆಸುವ ಒಂದೇ ಕೆಲಸ, ಮೂರು ಕೋಡ್!

ಮ್ಯಾಟ್ ವಿಷಯಕ್ಕೆ ಬರೋಣ, ಅತಿ ಹೆಚ್ಚು ಜಗಳ ಆಗುವುದು ಇಲ್ಲೇ. ಕಾರಿನ ಅಳತೆಗೆ ಕತ್ತರಿಸಿದ್ದಾರೆ, ಕಾರಿನ ಹೆಸರೂ ಅಚ್ಚಾಗಿದೆ, ಆದ್ದರಿಂದ ಕಾರಿನ ಭಾಗ ಅಂತ ಜನ ವಾದ ಮಾಡುತ್ತಾರೆ. ಟಫ್ಟೆಡ್ (ತಳದ ಬಟ್ಟೆಗೆ ನೂಲಿನ ಕುಚ್ಚು ಹೊಲಿದ) ಬಟ್ಟೆಯ ಕಾರ್ಪೆಟ್ ಆದರೆ, ಕಾರಿಗೆ ಅಂತಲೇ ಮಾಡಿದ್ದು ಎದ್ದು ಕಂಡರೂ 5703, ಕಾರ್ಪೆಟ್ ಅಂತಲೇ. ವಿಶ್ವ ಕಸ್ಟಮ್ಸ್ ಸಂಘಟನೆಯ ವಿವರಣಾ ಟಿಪ್ಪಣಿಗಳಲ್ಲಿ ಇದೇ ಉದಾಹರಣೆ ಇದೆ, ಹಾಗಾಗಿ ವಾದಕ್ಕೆ ಜಾಗವೇ ಇಲ್ಲ. ರಬ್ಬರ್ ಆದರೆ 4016.91. ಪ್ಲಾಸ್ಟಿಕ್ ಆದರೆ ಹೊಸದಾಗಿ ಯೋಚಿಸಬೇಕು, ಯಾಕೆಂದರೆ ನೋಟ್ 2 ಹೆಸರು ಹಿಡಿದು ಹೊರಗಿಟ್ಟಿರುವುದು ರಬ್ಬರನ್ನು. ನೋಡಲು ಎರಡೂ ಒಂದೇ ಥರ ಕಪ್ಪಗಿರುತ್ತವೆ, ಅದೇ ತಲೆನೋವು.

ವಾಹನದ ಹೆಸರನ್ನೇ ಹೊತ್ತು ಬೇರೆ ಅಧ್ಯಾಯದಲ್ಲಿ ಕೂತವೂ ಇವೆ. ವಾಹನದ ರಿಯರ್ ವ್ಯೂ ಕನ್ನಡಿ 7009.10, ಗಾಜಿನ ಅಧ್ಯಾಯ. ಮೋಟಾರು ವಾಹನದ ಬೀಗ 8301.20.

ಸಣ್ಣಪುಟ್ಟ ಸಾಮಾನು ಇನ್ನೂ ತಮಾಷೆ. ಏರ್ ಫ್ರೆಶ್ನರ್ 3307.49, ಅದರ ಪಕ್ಕದ ಮನೆ 3307.41ರಲ್ಲಿ ಇರುವುದು ಅಗರಬತ್ತಿ (ಜಗತ್ತಿನ ಟ್ಯಾರಿಫ್ ಪುಸ್ತಕದಲ್ಲಿ 'ಅಗರಬತ್ತಿ' ಅಂತಲೇ ಅಚ್ಚಾಗಿದೆ, ನೋಡಿ ಖುಷಿಪಟ್ಟಿದ್ದೆ). ಕೀಚೈನ್ ಉಕ್ಕಿನದಾದರೆ ಅಧ್ಯಾಯ 73, ಪ್ಲಾಸ್ಟಿಕ್ಕಿನದಾದರೆ 39. ಅದಕ್ಕೊಂದು ಪುಟ್ಟ ಟಾರ್ಚ್ ಅಂಟಿಸಿದ್ದರೆ? ಬೆಳಕು ಕೊಡುವುದೇ ಅದರ ಮುಖ್ಯ ಕೆಲಸವಾದರೆ 8513, ಇಲ್ಲದಿದ್ದರೆ ಮತ್ತೆ ಕೀಚೈನ್.

ಇಂಥ ಪ್ರಶ್ನೆಗಳನ್ನು ನೋಡಿ ನಗಬೇಡಿ, ದುಡ್ಡಿದೆ ಇದರಲ್ಲಿ. ಅಮೆರಿಕದಲ್ಲಿ ಒಂದು ಆಟಿಕೆ ಕಂಪನಿ ತನ್ನ ಸೂಪರ್ ಹೀರೋ ಬೊಂಬೆಗಳು ಮನುಷ್ಯರೇ ಅಲ್ಲ ಅಂತ ಕೋರ್ಟಿನಲ್ಲಿ ವಾದಿಸಿ 2003ರಲ್ಲಿ ಗೆದ್ದಿತು. ಮನುಷ್ಯರೂಪದ ಗೊಂಬೆಗೆ ಶೇ 12 ಸುಂಕ, ಮನುಷ್ಯರಲ್ಲದ ಜೀವಿಗಳ ಆಟಿಕೆಗೆ ಶೇ 6.8 ಇತ್ತು. ಟ್ಯಾರಿಫ್‌ನ 2007ರ ಪರಿಷ್ಕರಣೆಯಲ್ಲಿ ಎರಡನ್ನೂ ಒಂದೇ ಹೆಡಿಂಗ್ 9503ರಲ್ಲಿ ಸೇರಿಸಿಬಿಟ್ಟರು.

ಗಿಫ್ಟ್ ಕಿಟ್ ಥರ ಹಲವು ವಸ್ತು ಒಂದೇ ಡಬ್ಬಿಯಲ್ಲಿದ್ದರೆ, ಟ್ಯಾರಿಫ್ ಓದುವ ಸಾಮಾನ್ಯ ನಿಯಮಗಳಲ್ಲಿ ನಿಯಮ 3(ಬಿ) ನೋಡಿ. ಎಲ್ಲವೂ ಸೇರಿ ಒಂದು ಕೆಲಸಕ್ಕೆ ಬರಬೇಕು, ಮತ್ತೆ ಪ್ಯಾಕ್ ಮಾಡದೆ ಹಾಗೇ ಗಿರಾಕಿಗೆ ಮಾರುವಂತಿರಬೇಕು. ಆಗ ಆ ಸೆಟ್‌ಗೆ ಮೂಲಗುಣ ಕೊಡುವ ವಸ್ತುವಿನ ಕೋಡ್ ಇಡೀ ಡಬ್ಬಿಗೆ. ಚಾರ್ಜರ್, ಏರ್ ಫ್ರೆಶ್ನರ್, ಕೀಚೈನ್ ಸುಮ್ನೆ ಒಟ್ಟಿಗೆ ತುಂಬಿದರೆ ಅದು ಸೆಟ್ ಅಲ್ಲ, ಬೇರೆ ಬೇರೆ ಸಾಲಿನಲ್ಲೇ ಬರೆಯಬೇಕು.

ಸಪ್ಲೈಯರ್ ಕೊಟ್ಟ ಕೋಡ್ ಬಗ್ಗೆ ಇನ್ನೊಂದು ಮಾತು. ಮೊದಲ ಆರು ಅಂಕಿ ಮಾತ್ರ ಎಲ್ಲ ದೇಶಕ್ಕೂ ಒಂದೇ, ಅದರ ಮುಂದಿನವು ಆಯಾ ದೇಶದ್ದು. ಅವನ ಎಂಟೋ ಹತ್ತೋ ಅಂಕಿ ನಿಮಗೆ ಹಾಗೇ ಹೊಂದುವುದಿಲ್ಲ. ಆ ಆರೂ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ: 2022ರಲ್ಲಿ 8525.80 ಹೋಗಿ ನಾಲ್ಕಾಗಿ ಒಡೆಯಿತು, ಡ್ಯಾಶ್‌ಕ್ಯಾಮ್‌ಗೆ ಹಳೇ ಕೋಡ್ ಹಾಕಿದ ಇನ್‌ವಾಯ್ಸ್ ಆಮೇಲೂ ಎಷ್ಟೋ ಬಂದವು. ಅವನು ಏನೇ ಬರೆದಿರಲಿ, ಜವಾಬ್ದಾರಿ ಆಮದು ಮಾಡುವ ನಿಮ್ಮದು.

ಜಾಸ್ತಿ ಮಾಲು ಬರುವುದಿದ್ದರೆ, ಅನುಮಾನ ಇರುವ ಒಂದೆರಡು ವಸ್ತುವಿಗೆ ಮೊದಲೇ ಅಡ್ವಾನ್ಸ್ ರೂಲಿಂಗ್ (ಸರಕು ಬರುವ ಮುಂಚೆಯೇ ಕೋಡ್ ಬಗ್ಗೆ ಅಧಿಕೃತ ತೀರ್ಮಾನ) ಕೇಳಿಬಿಡಿ, ಬಹಳಷ್ಟು ದೇಶಗಳಲ್ಲಿ ಆ ವ್ಯವಸ್ಥೆ ಇದೆ. ಉಳಿದದ್ದಕ್ಕೆ ಪ್ರತಿ ವಸ್ತುವಿನ ಫೋಟೊ, ಯಾವುದರಿಂದ ಮಾಡಿದ್ದು, ಏನು ಕೆಲಸ ಮಾಡುತ್ತದೆ, ಇಷ್ಟನ್ನು ಸಪ್ಲೈಯರ್ ಹತ್ತಿರ ಬರೆಸಿಕೊಳ್ಳಿ. ಮ್ಯಾಟ್ ಯಾವುದರದು ಅಂತ ಕೇಳಿದಾಗ 'ಪ್ರೀಮಿಯಂ ಮೆಟೀರಿಯಲ್' ಅಂತ ಉತ್ತರ ಬಂದರೆ ಬಿಡಬೇಡಿ, ರಬ್ಬರೋ ಪ್ಲಾಸ್ಟಿಕ್ಕೋ ಅಂತ ಮತ್ತೆ ಕೇಳಿ.