‘ಸ್ಟೀವ್’ ಎಂಬ ಸಹಿಯ ಬಗ್ಗೆ

ಮಾನ್ಯರೇ,

ಹೆಂಗಸರು ಮನೆಯಲ್ಲೇ ಕೂತು ಕೆಲಸ ಮಾಡುವಂಥ ಸಾಫ್ಟ್‌ವೇರ್ ಕಂಪನಿಯನ್ನು ಬ್ರಿಟನ್ನಿನಲ್ಲಿ ಕಟ್ಟಿದ ಸ್ಟೆಫನಿ ಶರ್ಲಿ ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಪರಿಚಯ ಲೇಖನವನ್ನು ಓದಿ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಎಂಟು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು, ಮಗುವಾದ ಮೇಲೆ ಕೆಲಸ ಬಿಟ್ಟವರು ನೀವು. ಗಂಡಸಿನ ಹೆಸರಿನಲ್ಲಿ ಸಹಿ ಹಾಕಿ ವ್ಯವಹಾರ ಕುದುರಿಸಿದವರನ್ನು ಮಾದರಿ ಎಂದು ಹೇಗೆ ಕರೆಯುತ್ತೀರಿ ಎಂದು ಕೇಳಿದ್ದೀರಿ. ಮನೆಯಿಂದಲೇ ಕೆಲಸ ಎಂಬುದು ಹೆಂಗಸರಿಗೆ ಮಾಡಿದ ಉಪಕಾರವಲ್ಲ, ಅವರು ಒಲೆಯ ಮುಂದಿನಿಂದ ಏಳದಂತೆ ಹೂಡಿದ ಉಪಾಯ ಎಂದೂ ಬರೆದಿದ್ದೀರಿ. ಈ ಎರಡನೆಯ ಮಾತು ನನ್ನನ್ನು ಬಹಳ ಹೊತ್ತು ಕಾಡಿತು.

ಮೊದಲು ಸಹಿಯ ವಿಷಯ. 1962ರಲ್ಲಿ ಆರು ಪೌಂಡ್ ಬಂಡವಾಳದಲ್ಲಿ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಕಂಪನಿ ಆರಂಭಿಸಿದಾಗ ಶರ್ಲಿ ಊರೂರಿನ ಸಂಸ್ಥೆಗಳಿಗೆ ಕೆಲಸ ಕೇಳಿ ಪತ್ರ ಬರೆದರು. ಉತ್ತರವೇ ಬರಲಿಲ್ಲ. ಮನೆಯಲ್ಲಿ ಕರೆಯುವ ‘ಸ್ಟೀವ್’ ಎಂಬ ಹೆಸರಿನಲ್ಲಿ ಸಹಿ ಹಾಕಿ ನೋಡು ಎಂದು ಸೂಚಿಸಿದವರು ಪತಿ ಡೆರೆಕ್. ಹಾಗೆ ಮಾಡಿದ ಮೇಲೆ ಉತ್ತರಗಳು ಬರತೊಡಗಿದವು. ಅವರು ಗಂಡಸಿನ ವೇಷ ಹಾಕಲಿಲ್ಲ, ತಮ್ಮ ಜಾಗಕ್ಕೆ ಗಂಡಸನ್ನು ಕಳುಹಿಸಲಿಲ್ಲ. ಬಾಗಿಲು ತೆರೆದ ಕೂಡಲೇ ಒಳಗೆ ಬಂದವರು ಹೆಂಗಸು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಮಾತಿಗೆ ಕೂರದೆ ಗತಿ ಇರಲಿಲ್ಲ. ಅದೇ ಕಾಗದ, ಅದೇ ಒಕ್ಕಣೆ. ಸಹಿಯೊಂದು ಬದಲಾದದ್ದಕ್ಕೆ ಉತ್ತರ ಬಂದಿತೆಂದರೆ ತಪ್ಪು ಯಾರದು? ಬರೆದವರದಂತೂ ಅಲ್ಲ. ಗಂಡನ ಅನುಮತಿ ಇಲ್ಲದೆ ಬ್ಯಾಂಕ್ ಖಾತೆ ತೆರೆಯಲೂ ಆಗದ ಕಾಲವದು ಎಂದು ಅವರೇ ಮುಂದೆ ನೆನೆದಿದ್ದಾರೆ.

ಹೆಸರು ಬದಲಾಗುವುದು ಅವರಿಗೆ ಹೊಸದೂ ಆಗಿರಲಿಲ್ಲ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ 1933ರಲ್ಲಿ ಹುಟ್ಟಿದಾಗ ಅವರು ವೆರಾ ಬುಖ್ತಾಲ್. ತಂದೆ ಯಹೂದಿ ನ್ಯಾಯಾಧೀಶರು. 1939ರಲ್ಲಿ, ಐದು ವರ್ಷದ ಈ ಮಗು ಒಂಬತ್ತು ವರ್ಷದ ಅಕ್ಕನ ಕೈ ಹಿಡಿದು, ನಾಜಿಗಳಿಂದ ಮಕ್ಕಳನ್ನು ಪಾರು ಮಾಡುತ್ತಿದ್ದ ರೈಲು ಹತ್ತಿ ಇಂಗ್ಲೆಂಡಿಗೆ ಬಂದು ಅಪರಿಚಿತ ದಂಪತಿಯ ಮನೆ ಸೇರಿತು. ಬದುಕಿ ಉಳಿದದ್ದಕ್ಕೆ ಸಾರ್ಥಕವಾಗುವಂತೆ ಬಾಳಬೇಕು ಎಂಬ ಹಟ ಅವರಲ್ಲಿ ಕೊನೆಯವರೆಗೂ ಇತ್ತು.

ಈಗ ನಿಮ್ಮ ಎರಡನೆಯ ಆಕ್ಷೇಪ. ಇಂದಿನ ಸ್ಥಿತಿಗೆ ಅದು ಬಹುಮಟ್ಟಿಗೆ ನಿಜ. ಒಂದು ಕಿವಿಯಲ್ಲಿ ಮೀಟಿಂಗ್, ಇನ್ನೊಂದರಲ್ಲಿ ಕುಕ್ಕರಿನ ಸೀಟಿ ಎಂದು ನೀವು ಬರೆದ ಸಾಲನ್ನು ನಾನು ನಮ್ಮ ಮನೆಯಲ್ಲಿ ಓದಿ ಹೇಳಿದೆ. ಸೊಸೆ ಏನೂ ಮಾತನಾಡದೆ ತಲೆಯಾಡಿಸಿದಳು. ಆದರೆ ಶರ್ಲಿ ಮಾಡಿದ್ದು ಬೇರೆ. ಕಚೇರಿಯ ದಿನಚರಿಯನ್ನು ತಂದು ಮನೆಯ ಮೇಲೆ ಹೇರಲಿಲ್ಲ. ಮನೆಯಲ್ಲಿರುವ ಹೆಂಗಸಿಗೆ ಎಷ್ಟು ಬಿಡುವು ಸಿಗುತ್ತದೋ ಅದನ್ನು ಅಳತೆಗೋಲಾಗಿಟ್ಟುಕೊಂಡು ಕಂಪನಿ ಕಟ್ಟಿದರು. ಮದುವೆಯಾಗಿ, ಮಕ್ಕಳಾಗಿ ಉದ್ಯೋಗ ಬಿಟ್ಟಿದ್ದ ನುರಿತ ಪ್ರೋಗ್ರಾಮರುಗಳನ್ನೇ ಹುಡುಕಿ ತಂದರು. ನಿಮ್ಮ ಮನೆಯಲ್ಲಿ ಟೆಲಿಫೋನ್ ಇದೆಯೇ ಎಂಬುದು ಅರ್ಜಿ ಹಾಕಿದವರಿಗೆ ಕೇಳುತ್ತಿದ್ದ ಒಂದು ಪ್ರಶ್ನೆ.

ಆ ಕೆಲಸ ನಡೆಯುತ್ತಿದ್ದ ಬಗೆಯನ್ನು ಕಣ್ಣಿಗೆ ತಂದುಕೊಳ್ಳಿ. ಊಟದ ಮೇಜಿನ ಮೇಲೆ ಕೋಡಿಂಗ್ ಹಾಳೆ, ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಮಗು. ಬರೆದ ಹಾಳೆಗಳು ಅಂಚೆಯಲ್ಲಿ ಹೋಗಿ, ಪಂಚ್ ಕಾರ್ಡು ಅಥವಾ ಕಾಗದದ ಟೇಪಿನಲ್ಲಿ ರಂಧ್ರಗಳಾಗಿ, ಆಮೇಲೆ ಕಂಪ್ಯೂಟರಿಗೆ. ಒಂದು ಅಕ್ಷರ ತಪ್ಪಿದರೆ ಮತ್ತೆ ಅಂಚೆ, ಮತ್ತೆ ಕಾಯುವುದು. ಹೀಗಾಗಿಯೇ ಗುಣಮಟ್ಟದ ನಿಯಮಗಳಿಗೆ ಅವರು ಅಷ್ಟು ಬೆಲೆ ಕೊಟ್ಟರು. ಯಂತ್ರ ಕೊಂಡವರಿಗೆ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತಿದ್ದ ದಿನಗಳಲ್ಲಿ, ಅದನ್ನು ನಿಗದಿತ ಬೆಲೆಗೆ ಮಾರುತ್ತೇನೆ ಎಂದು ಹೊರಟವರು ಅವರು. ಫೋನಿನಲ್ಲಿ ಗಿರಾಕಿಗೆ ಮಗುವಿನ ಅಳು ಕೇಳಿಸಬಾರದೆಂದು, ಬೆರಳಚ್ಚು ಯಂತ್ರದ ಟಕಟಕ ಸದ್ದನ್ನು ಟೇಪ್ ಮಾಡಿಟ್ಟುಕೊಂಡು ಹಿನ್ನೆಲೆಯಲ್ಲಿ ಹಾಕುತ್ತಿದ್ದರು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಕಪ್ಪು ಪೆಟ್ಟಿಗೆಗೆ (ಹಾರಾಟದ ವಿವರ ದಾಖಲಿಸುವ ಸಾಧನ) ಬೇಕಾದ ಪ್ರೋಗ್ರಾಮನ್ನು ಬರೆದವರೂ ಹೀಗೆ ತಮ್ಮ ತಮ್ಮ ಮನೆಗಳಲ್ಲಿ ಕೂತ ಈ ಹೆಂಗಸರೇ.

ಮೊದಲ 300 ಮಂದಿ ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರು. 1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗ ತಾರತಮ್ಯ ತಡೆ ಕಾಯ್ದೆ ಬಂದಾಗ, ಹೆಂಗಸರಿಗೇ ಆದ್ಯತೆ ಎಂಬ ಅವರ ನೀತಿಯೂ ಕಾನೂನುಬಾಹಿರವಾಯಿತು. ಗಂಡಸರಿಗೂ ಬಾಗಿಲು ತೆರೆದರು.

ಲೇಖನದಲ್ಲಿ ನಾವು ಒಂದೇ ಸಾಲಿನಲ್ಲಿ ದಾಟಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಅದು ಸಂಪಾದಕನಾಗಿ ನನ್ನ ತಪ್ಪು. ಕಂಪನಿ ಹುಟ್ಟಿದ ಮರುವರ್ಷ ಅವರಿಗೆ ಮಗ ಹುಟ್ಟಿದ, ಗೈಲ್ಸ್. ಎರಡೂವರೆ ವರ್ಷದ ಹೊತ್ತಿಗೆ, ಕಲಿತಿದ್ದ ನಾಲ್ಕು ಮಾತುಗಳನ್ನೂ ಆ ಮಗು ಕಳೆದುಕೊಂಡಿತು. ತೀವ್ರ ಆಟಿಸಂ. ಕಂಪನಿ ಬೆಳೆದದ್ದು ಈ ಮಗುವಿನ ಆರೈಕೆಯ ಜೊತೆಜೊತೆಗೇ. 1998ರಲ್ಲಿ, 35ನೆಯ ವಯಸ್ಸಿನಲ್ಲಿ, ಅಪಸ್ಮಾರದ ಆಘಾತದಿಂದ ಗೈಲ್ಸ್ ತೀರಿಕೊಂಡ. ಬಿಡುವಿನ ಗಂಟೆಗಳನ್ನು ಎಣಿಸಿ ಕೆಲಸ ಹಂಚುವ ಲೆಕ್ಕ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಒಡೆತನದ ಮಾತನ್ನೂ ಹೇಳುತ್ತೇನೆ, ಏಕೆಂದರೆ ನಿಮ್ಮ ಆಕ್ಷೇಪಕ್ಕೆ ನನಗೆ ಕಾಣುವ ಗಟ್ಟಿ ಉತ್ತರ ಅಲ್ಲಿದೆ. ಕಂಪನಿಯ ಕಾಲುಭಾಗಕ್ಕೂ ಹೆಚ್ಚು ಒಡೆತನವನ್ನು ಶರ್ಲಿ ತಮ್ಮ ಪಾಲಿನಿಂದಲೇ ಸಿಬ್ಬಂದಿಗೆ ಬಿಟ್ಟುಕೊಟ್ಟರು. 1996ರಲ್ಲಿ ಅದು ಲಂಡನ್ ಶೇರು ಪೇಟೆಗೆ ಬಂತು. ಸಿಬ್ಬಂದಿಯಲ್ಲಿ 70 ಮಂದಿ ಲಕ್ಷಾಧಿಪತಿಗಳಲ್ಲ, ಮಿಲಿಯಾಧಿಪತಿಗಳಾದರು. ಒಲೆಯ ಮುಂದೆ ಕೂರಿಸುವುದಷ್ಟೇ ಉದ್ದೇಶವಾಗಿದ್ದರೆ ಕಂಪನಿಯಲ್ಲಿ ಪಾಲು ಕೊಡುವವರುಂಟೇ? ತಮಗೆ ಬಂದ ಸಂಪತ್ತಿನಲ್ಲೂ ಬಹುಪಾಲನ್ನು ಅವರು ಆಟಿಸಂ ಸಂಸ್ಥೆಗಳಿಗೆ, ಮತ್ತು ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟ್‌ನಂಥ ಕಡೆಗಳಿಗೆ ದಾನ ಮಾಡಿದರು. 2025ರ ಆಗಸ್ಟ್‌ನಲ್ಲಿ, 91ನೆಯ ವಯಸ್ಸಿನಲ್ಲಿ ನಿಧನರಾದರು.

ಕೆಲಸ ಬಿಟ್ಟ ದಿನ ತಂದ ನೋಟುಪುಸ್ತಕಗಳನ್ನು ಇನ್ನೂ ಅಟ್ಟದ ಮೇಲೆ ಇಟ್ಟಿದ್ದೇನೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅವುಗಳನ್ನು ಕೆಳಗಿಳಿಸಿ. ಆ ಎಂಟು ವರ್ಷಗಳ ಬಗ್ಗೆ, ಬಿಟ್ಟ ಆ ದಿನದ ಬಗ್ಗೆ ನಮಗೊಂದು ಲೇಖನ ಬರೆದುಕೊಡಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟ ಕಾದಿರಿಸಿದ್ದೇನೆ. ಕೆಳಗೆ ಯಾವ ಹೆಸರು ಇರಬೇಕೆಂಬುದನ್ನು ನೀವೇ ತಿಳಿಸಿ.

– ಸಂಪಾದಕ