ವಾರ್ಡಿನ ಮಾತು ಬಿಡಬೇಡಿ

ಪತ್ರ: ಐಸಿಯುವಿನಲ್ಲಿ ಹನ್ನೆರಡು ವರ್ಷ ದುಡಿದು, ಎಂ.ಎಸ್ಸಿ. ನರ್ಸಿಂಗ್ ಮುಗಿಸಿ, ಈ ವರ್ಷ ಉಪನ್ಯಾಸಕಿಯಾದೆ. ತರಗತಿಯಲ್ಲಿ ಮೈ ಬೆವರುತ್ತದೆ. ಸ್ಲೈಡ್ ನೋಡಿ ಓದಿ ಬರುತ್ತೇನೆ. ‘ವಾರ್ಡಿನ ಮಾತು ಬಿಡಿ, ಸಿಲೆಬಸ್ ಮುಗಿಸಿ’ ಎನ್ನುತ್ತಾರೆ ಹಿರಿಯರು. ವಾಪಸು ಹೋಗಲೇ? – ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಬೇಡ ತಾಯಿ. ಪರೀಕ್ಷೆಯಲ್ಲಿ ಕೇಳುವುದು ಸಿಲೆಬಸ್ಸನ್ನೇ; ಹಿರಿಯರ ಮಾತನ್ನು ಅಷ್ಟರಮಟ್ಟಿಗೆ ಒಪ್ಪಿದೆ. ಆದರೆ ವಾರ್ಡನ್ನು ಬಿಟ್ಟ ಮೇಲೆ ನರ್ಸಿಂಗಿನಲ್ಲಿ ಕಲಿಸಲು ಉಳಿಯುವುದೇನು?

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲರ ನರ್ಸಿಂಗ್ ಶಾಲೆ ತೆರೆದಾಗ ಹೊಸಬರ ಕೈ ತಿದ್ದಿದವರು ವಾರ್ಡಿನ ಸಿಸ್ಟರುಗಳು. 1946ರಷ್ಟು ಹಿಂದೆಯೇ ಬಿ.ಎಸ್ಸಿ. ನರ್ಸಿಂಗ್ ಆರಂಭಿಸಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಪಾಠ ಹೇಳುವವರಿಗೆ ವಾರ್ಡಿನ ಹೊಣೆಯೂ ಉಂಟು. ವೈದ್ಯಕೀಯ ಕಾಲೇಜುಗಳಲ್ಲಂತೂ ಬೆಳಿಗ್ಗೆ ರೌಂಡ್ಸ್ ಮುಗಿಸಿದ ಪ್ರೊಫೆಸರೇ ಮಧ್ಯಾಹ್ನ ಪಾಠಕ್ಕೆ ನಿಲ್ಲುತ್ತಾರೆ. ನಮ್ಮ ಹಲವು ನರ್ಸಿಂಗ್ ಕಾಲೇಜುಗಳಲ್ಲಿ ಮಾತ್ರ ಉಪನ್ಯಾಸಕಿಯಾದ ದಿನವೇ ರೋಗಿಯ ನಂಟು ಕಡಿಯುತ್ತದೆ.

ಬಂಧುವೊಬ್ಬರ ಆರೈಕೆಗೆಂದು ಆಸ್ಪತ್ರೆಯಲ್ಲಿದ್ದಾಗ ಕಂಡದ್ದು: ಉಪನ್ಯಾಸಕಿ ಮೂಲೆಯ ಮೇಜಿನಲ್ಲಿ ವಿದ್ಯಾರ್ಥಿನಿಯರು ಬರೆದ ಕೇರ್ ಪ್ಲಾನ್ (ರೋಗಿಯ ಆರೈಕೆ ಯೋಜನೆ) ಪುಸ್ತಕಗಳಿಗೆ ಸಹಿ ಹಾಕುತ್ತಿದ್ದರು. ವಿದ್ಯಾರ್ಥಿನಿಯರೆಲ್ಲ ಸ್ಟಾಫ್ ನರ್ಸ್ ಒಬ್ಬರ ಬೆನ್ನ ಹಿಂದೆ. ‘ಯಂತ್ರ ಸರಿಯೆಂದರೂ ಮುಖ ನೋಡಿ, ಉಸಿರು ಎಣಿಸಿ, ಪೂರ್ತಿ ಒಂದು ನಿಮಿಷ’ ಎಂದು ಆಕೆ ಗದರುತ್ತಿದ್ದರು. ಪಾಠ ನಡೆದಿದ್ದು ಅಲ್ಲಿ.

ನಿಮ್ಮ ಬೆವರಿಗೂ ಕಾರಣವಿದೆ. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಪಳಗಿದ ನರ್ಸ್ ಇಡೀ ಸ್ಥಿತಿಯನ್ನು ಒಂದೇ ನೋಟಕ್ಕೆ ಗ್ರಹಿಸುತ್ತಾಳೆ ಎಂದು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲೇ ಬರೆದರು. ಹಾಗೆ ಗ್ರಹಿಸಿದ್ದನ್ನು ಬಿಡಿಸಿ ಹೇಳುವುದು ಬೇರೆಯದೇ ವಿದ್ಯೆ. ಎಂ.ಎಸ್ಸಿ.ಯ ಅಭ್ಯಾಸ ಪಾಠಗಳು ಅದಕ್ಕೆ ಸಾಲವು. ಮೊದಲ ಆರು ತಿಂಗಳು ಅರ್ಧ ಹೊರೆ, ಒಳ್ಳೆಯ ಶಿಕ್ಷಕರೊಬ್ಬರ ತರಗತಿಯಲ್ಲಿ ಹಿಂದಿನ ಬೆಂಚು, ವಾರಕ್ಕೊಂದು ದಿನ ಐಸಿಯು – ಕಾಲೇಜು ಇಷ್ಟಾದರೂ ಕೊಡಬೇಡವೇ? ಕೊಡುವುದು ಮೊದಲ ವಾರವೇ ಮೂರು ವಿಷಯ, ಜೊತೆಗೆ ತಪಾಸಣೆಯವರಿಗಾಗಿ ಕಡತ ಜೋಡಿಸುವ ಕೆಲಸ!

ನಿಮ್ಮದೂ ತಪ್ಪಿದೆ. ಹನ್ನೆರಡು ವರ್ಷದ ರಾತ್ರಿಪಾಳಿಗಳನ್ನು ಒಳಗಿಟ್ಟುಕೊಂಡು ಸ್ಲೈಡ್ ಓದುತ್ತೀರಲ್ಲ, ಇದೆಂಥ ಸಂಕೋಚ? ನಾಳೆ ರೋಗಿಯೊಬ್ಬರ ಸ್ಥಿತಿಯಿಂದಲೇ ಪಾಠ ಆರಂಭಿಸಿ, ಸಿಲೆಬಸ್ ಅದರ ಹಿಂದೆ ಬರಲಿ.

ಇದು ನರ್ಸಿಂಗಿನ ರೋಗವಷ್ಟೇ ಅಲ್ಲ. ಒಂದು ದಿನವೂ ವರದಿ ಮಾಡದವರಿಂದ ಪತ್ರಿಕೋದ್ಯಮ ಕಲಿತ ಹುಡುಗರು ನಮ್ಮ ಕಚೇರಿಗೂ ಬರುತ್ತಾರೆ. ಸಂವಹನ ಸಿದ್ಧಾಂತಗಳು ಬಾಯಿಪಾಠ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಪ್ರತಿ ಕೇಳಲು ನಾಚಿಕೆ. ಅವರನ್ನು ಬೈದು ಪ್ರಯೋಜನವಿಲ್ಲ, ಕಲಿಸಿದವರೂ ಕೇಳಿದವರಲ್ಲ.

ವಾರಕ್ಕೊಂದು ದಿನದ ಐಸಿಯು ಡ್ಯೂಟಿಯನ್ನು ಪ್ರಾಂಶುಪಾಲರಲ್ಲಿ ಬರವಣಿಗೆಯಲ್ಲೇ ಕೇಳಿ. ಉತ್ತರ ಬಂದರೆ ನಮಗೂ ತಿಳಿಸಿ. ಬಾರದಿದ್ದರೆ ಖಂಡಿತ ತಿಳಿಸಿ.