ಅಷ್ಟು ಬಿಸಿಲಿದ್ದರೂ ಡೀಸೆಲ್ ಯಾಕೆ?

ಮಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: "ಲಕ್ಷದ್ವೀಪದ ಕವರತ್ತಿಗೆ ಹೋಗಿ ಬಂದೆ. ಸುಡುವ ಬಿಸಿಲು, ಸೋಲಾರ್ ಪ್ಯಾನೆಲ್‌ಗಳೂ ಇವೆ. ಆದರೂ ಹಗಲು ರಾತ್ರಿ ಡೀಸೆಲ್ ಜನರೇಟರ್ ಓಡುತ್ತಲೇ ಇರುತ್ತದೆ. ಇದು ದುಡ್ಡು ಸುಡುವ ಕೆಲಸ ಅಲ್ವಾ? ಕೇರಳದಿಂದ ಒಂದು ಕೇಬಲ್ ಎಳೆಯಬಾರದೇ?"

ನಮಸ್ಕಾರ. ದುಡ್ಡು ಸುಡುತ್ತಿದೆ ಅನ್ನೋದು ನಿಜ. ಒಳ್ಳೆಯ ಎಂಜಿನ್ನೂ ಲೀಟರ್ ಡೀಸೆಲ್ಲಿಗೆ ಮೂರೂವರೆ ಯೂನಿಟ್ ಆಸುಪಾಸು ಕೊಡುತ್ತದೆ, ಅಷ್ಟೇ. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ ಯೂನಿಟ್ಟಿಗೆ ಬರೀ ಇಂಧನದ ಖರ್ಚೇ 25 ರೂಪಾಯಿ ದಾಟಿತು. ನಮ್ಮ ಯಲಹಂಕದಲ್ಲೂ 1990ರ ದಶಕದಲ್ಲಿ ದೊಡ್ಡ ಡೀಸೆಲ್ ಸ್ಥಾವರ ಬಂತು. ದುಬಾರಿ ಅಂತ ಅದನ್ನು ಮುಚ್ಚಿದರೂ ಬೆಂಗಳೂರು ಕತ್ತಲಾಗಲಿಲ್ಲ. ಬೇರೆ ಕಡೆಯಿಂದ ಕರೆಂಟು ಬರುತ್ತಿತ್ತಲ್ಲ. ಕವರತ್ತಿಗೆ ಆ "ಬೇರೆ ಕಡೆ" ಇಲ್ಲ.

ಕೇಬಲ್ ವಿಷಯ ಬೇಗ ಮುಗಿಸುತ್ತೇನೆ. ಕೊಚ್ಚಿಯಿಂದ ಸುಮಾರು 400 ಕಿಲೋಮೀಟರ್ ಸಮುದ್ರ. 2011ರ ಜನಗಣತಿಯಂತೆ ಹತ್ತೂ ದ್ವೀಪ ಸೇರಿ 64 ಸಾವಿರ ಚಿಲ್ಲರೆ ಜನ. ಇಂಟರ್ನೆಟ್ ಕೇಬಲ್ ಹೋಗಿದೆ, ನಿಜ. ಆದರೆ ಕರೆಂಟಿನ ಕೇಬಲ್ ಅದಕ್ಕಿಂತ ಎಷ್ಟೋ ದಪ್ಪ, ಎರಡೂ ತುದಿಗೆ ದುಬಾರಿ ಕೇಂದ್ರಗಳೂ ಬೇಕು. ಲೆಕ್ಕ ಕೂಡುವುದಿಲ್ಲ.

ಹಾಗಾಗಿ 1962ರಲ್ಲಿ ಮಿನಿಕಾಯ್‌ನಿಂದ ಶುರುವಾಗಿ ಒಂದೊಂದು ದ್ವೀಪಕ್ಕೂ ಅದರದ್ದೇ ಪವರ್‌ಹೌಸ್ ಬಂತು. ಒಳಗೆ ಒಂದೇ ದೊಡ್ಡ ಎಂಜಿನ್ ಇಡುವುದಿಲ್ಲ, ಚಿಕ್ಕವು ನಾಲ್ಕಾರು. ಯಾಕೆಂದರೆ ಡೀಸೆಲ್ ಎಂಜಿನ್ನಿಗೆ ಕೆಲಸ ಕಡಿಮೆಯಾದರೂ ಕಷ್ಟ. ಮೂವತ್ತು ಪರ್ಸೆಂಟಿಗಿಂತ ಕಮ್ಮಿ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೆ ಇಂಧನ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ಸಂಜೆ ಮನೆಗಳಲ್ಲಿ ದೀಪ, ಫ್ಯಾನು ಜಾಸ್ತಿಯಾದಂತೆ ಇನ್ನೊಂದು ಎಂಜಿನ್ ಸ್ಟಾರ್ಟ್ ಮಾಡುತ್ತಾರೆ. ಹೊಸ ಎಂಜಿನ್ನಿನ ತಾಳ ಓಡುತ್ತಿರುವ ಎಂಜಿನ್ನುಗಳ ತಾಳಕ್ಕೆ ಕೂಡಿದೆಯೇ ಅಂತ ತೋರಿಸುವ ಸಿಂಕ್ರೋಸ್ಕೋಪ್ ಅನ್ನುವ ಮೀಟರಿನ ಮುಳ್ಳನ್ನೇ ಆಪರೇಟರ್ ನೋಡುತ್ತಾ ನಿಲ್ಲುತ್ತಾನೆ. ಅದು ನಿಧಾನವಾಗಿ ತಿರುಗಿ ಗಡಿಯಾರದ 12ರ ಜಾಗಕ್ಕೆ ಬಂದಾಗಲೇ ಬ್ರೇಕರ್, ಅಂದರೆ ಎಂಜಿನ್ನನ್ನು ಲೈನಿಗೆ ಸೇರಿಸುವ ದೊಡ್ಡ ಸ್ವಿಚ್, ಹಾಕಬೇಕು. ಹೆಚ್ಚು ಹಿಂದೆಮುಂದೆಯಾದರೆ ಎಂಜಿನ್ನೇ ಅದುರಿಹೋಗುತ್ತದೆ.

ಸೋಲಾರ್ ತೊಡಕು ಇಲ್ಲೇ ಇರುವುದು. ಊರಿಗೆಲ್ಲ 50 ಹರ್ಟ್ಸ್ ತಾಳ, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ತೂಗುವ ಲಯ, ಹಾಕುವುದು ಈ ಎಂಜಿನ್ನುಗಳು. ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಒಗ್ಗುವಂತೆ ಬದಲಿಸುವ ಸಾಮಾನ್ಯ ಇನ್ವರ್ಟರ್ ಆ ತಾಳ ಕೇಳಿಸಿಕೊಂಡು ಸೇರಿಕೊಳ್ಳುತ್ತದೆ, ತಾನಾಗಿ ಹಾಕುವುದಿಲ್ಲ. ಎಂಜಿನ್ ನಿಂತರೆ ಅದೂ ಗಪ್‌ಚುಪ್. ಮೋಡವೊಂದು ಅಡ್ಡ ಬಂದರೆ ಅರೆಕ್ಷಣದಲ್ಲಿ ಆ ಭಾರವೆಲ್ಲ ಎಂಜಿನ್ನಿನ ತಲೆಗೆ. ಅದಕ್ಕೇ ಒಂದನ್ನು ಓಡಿಸಿಯೇ ಇಟ್ಟಿರುತ್ತಾರೆ, ಸುಮ್ನೆ ಅಲ್ಲ.

ದಾರಿ ಇರುವುದು ಬ್ಯಾಟರಿಯಲ್ಲಿ, ತಾನೇ ತಾಳ ಹಾಕಬಲ್ಲ ಇನ್ವರ್ಟರಿನಲ್ಲಿ. 2024ರಲ್ಲಿ ಕವರತ್ತಿಯಲ್ಲೇ 1.7 ಮೆಗಾವ್ಯಾಟ್ ಸೋಲಾರಿಗೆ 1.4 ಮೆಗಾವ್ಯಾಟ್-ಅವರ್ ಬ್ಯಾಟರಿ ಜೋಡಿಸಿದ್ದಾರೆ. ಒಳ್ಳೆಯ ಆರಂಭ. ಆದರೆ ಪ್ಯಾನೆಲ್‌ಗಳ ಪೂರ್ತಿ ಉತ್ಪಾದನೆಯಷ್ಟು ಕೊಟ್ಟರೆ ಈ ಬ್ಯಾಟರಿ ಒಂದು ಗಂಟೆಯೂ ಬರುವುದಿಲ್ಲ. ಮೋಡಕ್ಕೆ ಸಾಕು, ರಾತ್ರಿಗೆ ಸಾಲದು. ನನ್ನ ಕೇಳಿದರೆ ಇನ್ನು ಮುಂದಿನ ದುಡ್ಡು ಪ್ಯಾನೆಲ್‌ಗಿಂತ ಬ್ಯಾಟರಿಗೆ ಹೋಗಲಿ. ಹಾಗೆ ಹೋದರೂ ಒಂದೆರಡು ಎಂಜಿನ್ ಉಳಿಯಲೇಬೇಕು. ಮಳೆಗಾಲದಲ್ಲಿ ನಿಮ್ಮ ಹಳೆ ಬಂದರಿನ ಮಂಜಿಗಳೇ, ಅಂದರೆ ಸರಕಿನ ದೋಣಿಗಳೇ, ದ್ವೀಪಕ್ಕೆ ಹೋಗುವುದಿಲ್ಲ. ಆಗ ಬಿಸಿಲೂ ವಾರಗಟ್ಟಲೆ ರಜೆ ಹಾಕುತ್ತದೆ.

– ಸಂ.